ಕೆಂಪಾಗಿ ಉಳಿದ ನೀಲಿ ಸಭಾಂಗಣ

ಮಗನ ಮದುವೆ ನಡೆದ ಭವನವನ್ನು ನಾವು ಮೊದಲು ಕಂಡುದು ಒಂದು ಭಾವಚಿತ್ರದಲ್ಲಿ. ಮಂಟಪವಿಲ್ಲ, ಓಲಗವಿಲ್ಲ, ಅಕ್ಷತೆ ಹಿಡಿದು ನಿಂತ ಬಂಧುಗಳಿಲ್ಲ. ಕೆಂಪು ಇಟ್ಟಿಗೆಯ ಕಮಾನುಗಳ ನಡುವೆ ಕೋಟು ತೊಟ್ಟ ಮಗ, ಬಿಳಿಯ ಉಡುಪಿನ ಸೊಸೆ, ಅವರ ಹಿಂದೆ ಬರಿಯ ನೀರು. "ಸ್ಟಾಕ್‌ಹೋಮಿನ ಪುರಭವನದಲ್ಲಿ ಮದುವೆಯಾದೆವು. ಕೆಲವೇ ನಿಮಿಷಗಳಲ್ಲಿ ಮುಗಿಯಿತು" ಎಂದು ಮಗ ಬರೆದಿದ್ದ. ನನ್ನಾಕೆ ಆ ಚಿತ್ರವನ್ನು ಕಪಾಟಿನಲ್ಲಿ, ಸೊಸೆಗೆಂದು ವರ್ಷಗಳ ಹಿಂದೆಯೇ ತೆಗೆದಿರಿಸಿದ್ದ ಧಾರೆಯ ಸೀರೆಯ ಕೆಳಗೆ ಇಟ್ಟುಬಿಟ್ಟಳು. ಮುನಿಸನ್ನು ಬಾಯಿ ಬಿಟ್ಟು ಆಡುವ ಅಭ್ಯಾಸ ಆಕೆಗಿಲ್ಲ.

ಪುರಭವನವೆಂದರೆ ನಮ್ಮ ಬೆಂಗಳೂರಿಗರ ಕಣ್ಣ ಮುಂದೆ ಬರುವುದು ಎತ್ತರದ ಮೆಟ್ಟಿಲುಗಳು, ಸಾಲುಗಂಬಗಳು, ಸಂಜೆಯ ನಾಟಕ. ಅಲ್ಲಿ ಮದುವೆಯೆಂದರೇನು? ಆ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಳೆದ ಜೂನ್ ತಿಂಗಳಿನಲ್ಲಿ ನಾವಿಬ್ಬರೂ ಸ್ವೀಡನ್ನಿಗೆ ಪ್ರಯಾಣ ಮಾಡಿದೆವು. ರಾತ್ರಿ ಹತ್ತು ಗಂಟೆಯಾದರೂ ಸೂರ್ಯನು ಮುಳುಗದ ಕಾಲವದು.

ನಗರದ ನಡುವಿನ ರೈಲು ನಿಲ್ದಾಣದಿಂದ ಸೇತುವೆಯೊಂದನ್ನು ದಾಟಿದರೆ ಕುಂಗ್ಸ್‌ಹೋಲ್ಮನ್ ದ್ವೀಪ. ಅದರ ಅಂಚಿನಲ್ಲಿ, ನೀರಿಗೆ ಮೈಯೊಡ್ಡಿ ನಿಂತಿದೆ ಪುರಭವನ. ಹಿಂದೆ ಇಲ್ಲಿ ಹಬೆಯಿಂದ ನಡೆಯುವ ದೊಡ್ಡದೊಂದು ಹಿಟ್ಟಿನ ಗಿರಣಿಯಿತ್ತು. 1878ರಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ವಾಸ್ತುಶಿಲ್ಪಿ ರಾಗ್ನಾರ್ ಓಸ್ಟ್‌ಬೆರಿ ಎಂಬವರ ಯೋಜನೆಯಂತೆ 1911ರಲ್ಲಿ ಇಲ್ಲಿ ಹೊಸ ಭವನದ ಕೆಲಸ ಮೊದಲಾಯಿತು. ಸುಮಾರು 80 ಲಕ್ಷ ಇಟ್ಟಿಗೆಗಳು ಹಿಡಿದುವು. ಗುಸ್ತಾವ್ ವಾಸಾ ದೊರೆಯು ಸ್ಟಾಕ್‌ಹೋಮನ್ನು ಪ್ರವೇಶಿಸಿ 400 ವರ್ಷಗಳು ತುಂಬಿದುದರ ನೆನಪಿಗೆ 1923ರ ಜೂನ್ 23ರಂದು ಇದರ ಪ್ರಾರಂಭೋತ್ಸವ ನಡೆಯಿತು. 106 ಮೀಟರ್ ಎತ್ತರದ ಗೋಪುರದ ತುದಿಯಲ್ಲಿ ಸ್ವೀಡನ್ನಿನ ಲಾಂಛನವಾದ ಮೂರು ಕಿರೀಟಗಳು ಹೊಳೆಯುತ್ತವೆ.

ಒಳಗೆ ಹೋಗಬೇಕಾದರೆ ಮಾರ್ಗದರ್ಶಿಯ ಜೊತೆಯಲ್ಲಿಯೇ ಹೋಗಬೇಕು. ನಮ್ಮನ್ನು ಮೊದಲು ಕರೆದೊಯ್ದುದು ನೀಲಿ ಸಭಾಂಗಣಕ್ಕೆ. ನನ್ನಾಕೆ ನಾಲ್ಕೂ ಗೋಡೆಗಳನ್ನು ನೋಡಿ, "ನೀಲಿ ಎಲ್ಲಿದೆ? ಎಲ್ಲಾ ಕೆಂಪಾಗೇ ಇದೆಯಲ್ಲ!" ಎಂದಳು. ಅದಕ್ಕೊಂದು ಕಥೆಯಿದೆ. ಗೋಡೆಗಳಿಗೆ ಗಾರೆ ಹಾಕಿ ನೀಲಿ ಬಣ್ಣ ಬಳಿಸಬೇಕೆಂಬುದೇ ಓಸ್ಟ್‌ಬೆರಿಯವರ ಸಂಕಲ್ಪವಾಗಿತ್ತು. ಆದರೆ ಗೋಡೆ ಮೇಲೆದ್ದು ನಿಂತಾಗ ಆ ಕೆಂಪು ಇಟ್ಟಿಗೆಯ ಚೆಲುವು ಅವರ ಕೈಯನ್ನು ಹಿಡಿದು ನಿಲ್ಲಿಸಿತು. ತಮ್ಮ ನಕ್ಷೆಯನ್ನು ತಾವೇ ಬದಿಗಿಟ್ಟರು. ಇಟ್ಟಿಗೆಯನ್ನು ಹಾಗೆಯೇ ಬಿಡಿಸಿ, ಅದರ ಮೈಯನ್ನು ಕೈಯಿಂದಲೇ ಕೆತ್ತಿಸಿದರು. ಹೆಸರು ಮಾತ್ರ ನೀಲಿಯೆಂದೇ ಉಳಿಯಿತು.

ಪ್ರತಿವರ್ಷ ಡಿಸೆಂಬರ್ 10ರಂದು ನೊಬೆಲ್ ಔತಣ ನಡೆಯುವುದು ಈ ಸಭಾಂಗಣದಲ್ಲಿಯೇ. ಸುಮಾರು 1,300 ಅತಿಥಿಗಳು ಒಟ್ಟಿಗೆ ಊಟಕ್ಕೆ ಕೂರುತ್ತಾರೆ. ಮುಂದೆ ಬೆಂಗಳೂರನ್ನೇ ಮನೆ ಮಾಡಿಕೊಂಡ ಸರ್ ಸಿ.ವಿ. ರಾಮನ್ ಅವರು 1930ರಲ್ಲಿ ನೊಬೆಲ್ ಪಾರಿತೋಷಕವನ್ನು ಸ್ವೀಕರಿಸಿದುದು ಇದೇ ಊರಿನಲ್ಲಿ ಎಂದು ನೆನೆದಾಗ, ಪರಸ್ಥಳವೆಂಬ ಭಾವ ತುಸು ಕಡಿಮೆಯಾಯಿತು.

ಇಷ್ಟೆಲ್ಲ ವೈಭವವಿದ್ದರೂ ಇದು ಅರಮನೆಯಲ್ಲ, ನಗರದ ಕಚೇರಿ. ಮೇಲಂತಸ್ತಿನಲ್ಲಿ ನಗರಸಭೆಯ 101 ಸದಸ್ಯರು ಕೂರುವ ಮಂದಿರವಿದೆ. ಅದರ ಮಾಡಿನ ಮರಗೆಲಸವು, ಹಳೆಯ ಕಾಲದ ನಾವಿಕರು ತಮ್ಮ ಹಡಗನ್ನೇ ಬೋರಲು ಹಾಕಿ ಸೂರು ಮಾಡಿಕೊಂಡಂತೆ ಕಾಣುತ್ತದೆ.

ಅಲ್ಲಿಂದ ಮುಂದಿನದು ಅಂಡಾಕಾರದ ಒಂದು ಕೋಣೆ. ಗೋಡೆಗಳ ಮೇಲೆ, ಹದಿನೇಳನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಬೋವೆ ಎಂಬಲ್ಲಿ ನೇಯ್ದ ಚಿತ್ರದ ಪರದೆಗಳು. "ಇಲ್ಲೇ ಅಮ್ಮಾ" ಎಂದ ಮಗ, ಮೆಲುದನಿಯಲ್ಲಿ. ನಗರದ ಯಾವ ವಧೂವರರೂ ಇಲ್ಲಿ ಬಂದು ವಿವಾಹವಾಗಬಹುದಂತೆ. ನನ್ನಾಕೆ ಮಾತನಾಡಲಿಲ್ಲ. ನೇಯ್ಗೆಯೊಂದರ ಹತ್ತಿರ ನಿಂತು, ಮುಟ್ಟದೆ, ಬಹಳ ಹೊತ್ತು ನೋಡಿದಳು. ಮದುವೆಯಾದುದು ಕಚೇರಿಯ ಮೇಜಿನ ಮುಂದೆ ಎಂದು ಇಷ್ಟು ದಿನವೂ ಆಕೆ ತಿಳಿದಿದ್ದಳೆಂದು ತೋರುತ್ತದೆ.

ಕೊನೆಯದು ಸುವರ್ಣ ಸಭಾಂಗಣ. ಗಾಜು ಮತ್ತು ಬಂಗಾರದ ಒಂದು ಕೋಟಿ 80 ಲಕ್ಷಕ್ಕೂ ಹೆಚ್ಚು ಚೂರುಗಳನ್ನು ಜೋಡಿಸಿ ಗೋಡೆಗಳನ್ನು ತುಂಬಿದ್ದಾರೆ. ಚಿತ್ರಗಳ ಕಲ್ಪನೆ ಐನಾರ್ ಫೋರ್ಸೆತ್ ಎಂಬ ಕಲಾವಿದರದು. ನಡುವೆ ಮೇಲಾರೆನ್ ಸರೋವರದ ರಾಣಿ ಕುಳಿತಿದ್ದಾಳೆ. ಒಂದು ಕಡೆಯಿಂದ ಪೂರ್ವದವರು, ಇನ್ನೊಂದು ಕಡೆಯಿಂದ ಪಶ್ಚಿಮದವರು ಅವಳಿಗೆ ಗೌರವ ಸಲ್ಲಿಸುತ್ತಿದ್ದಾರೆ. ಅಳತೆ ತಪ್ಪಿದುದರಿಂದ, ಎತ್ತರದಲ್ಲಿ ಕುದುರೆಯೇರಿದ ಸಂತ ಎರಿಕನಿಗೆ ತಲೆಯೇ ಇಲ್ಲ. ಅದನ್ನು ತಿದ್ದದೆ, ಬಂದವರಿಗೆಲ್ಲ ನಗುತ್ತ ತೋರಿಸುತ್ತಾರೆ.

ಹೊರಡುವಾಗ ನೀಲಿ ಸಭಾಂಗಣದ ಮಹಾಸೋಪಾನವನ್ನು ಇಳಿಯಬೇಕು. ಉದ್ದನೆಯ ಉಡುಪಿನ ಮಹಿಳೆಯರು ಕಾಲನ್ನು ನೋಡಿಕೊಳ್ಳದೆ, ತಲೆಯೆತ್ತಿ ಇಳಿಯಲೆಂದು ಎದುರು ಗೋಡೆಯಲ್ಲಿ ಒಂದು ನಕ್ಷತ್ರವನ್ನು ಕೆತ್ತಿದ್ದಾರೆಂದು ಹೇಳುತ್ತಾರೆ. "ಅತ್ತೆ, ಮೆಲ್ಲಗೆ" ಎಂದು ಸೊಸೆ ತಾನು ಕಲಿತಿದ್ದ ನಾಲ್ಕಾರು ಕನ್ನಡ ಮಾತುಗಳಲ್ಲಿ ಎರಡನ್ನು ಆಡಿ ಕೈಯನ್ನು ಚಾಚಿದಳು. "ಸೀರೆ ಉಟ್ಟು ಇಳಿಯೋರಿಗೆ ನಕ್ಷತ್ರ ಬೇಕಿಲ್ಲಮ್ಮ" ಎಂದಳು ನನ್ನಾಕೆ. ಆದರೂ ಚಾಚಿದ ಕೈಯನ್ನು ಹಿಡಿದೇ ಇಳಿದಳು.

ಹೊರಗಿನ ಉದ್ಯಾನಕ್ಕೆ ಟಿಕೆಟ್ಟಿಲ್ಲ, ಮಾರ್ಗದರ್ಶಿಯಿಲ್ಲ. ಕಮಾನುಗಳನ್ನು ದಾಟಿದರೆ ಹಸುರು ಹಾಸು, ಅದರಾಚೆ ನೀರಿಗಿಳಿಯುವ ಕಲ್ಲಿನ ಮೆಟ್ಟಿಲುಗಳು. ಶಿಲ್ಪಿ ಕಾರ್ಲ್ ಎಲ್ಡ್ ಅವರ 'ಗಾನ', 'ನೃತ್ಯ' ಎಂಬ ಎರಡು ಕಂಚಿನ ವಿಗ್ರಹಗಳು ಅಲ್ಲಿ ನೀರಿನ ಎದುರಿಗೆ ನಿಂತಿವೆ. ಮೆಟ್ಟಿಲುಗಳ ಮೇಲೆ ಮಕ್ಕಳು, ಮುದುಕರು, ಬುತ್ತಿ ಬಿಚ್ಚಿಕೊಂಡ ಸಂಸಾರಗಳು. ಎದುರು ದಡದಲ್ಲಿ ಹಳೆಯ ಊರಿನ ಶಿಖರಗಳು.

"ನೀವಿಬ್ಬರೂ ನಿಂತಿದ್ದು ಎಲ್ಲಿ?" ಎಂದು ನನ್ನಾಕೆ ಮಗನನ್ನು ಕೇಳಿದಳು. ಅವನು ಕಮಾನೊಂದನ್ನು ತೋರಿಸಿದ. ಆಕೆ ಅಲ್ಲಿಗೆ ಹೋಗಿ, ಕೈಚೀಲದಿಂದ ಮಡಿಕೆ ಕೆಡದ ಆ ಧಾರೆಯ ಸೀರೆಯನ್ನು ಹೊರತೆಗೆದಳು. ಅದನ್ನು ತಂದಿರುವುದು ನನಗೂ ತಿಳಿದಿರಲಿಲ್ಲ. ಸೊಸೆಯ ಕೋಟಿನ ಮೇಲೆಯೇ ಅದನ್ನು ಹೊದಿಸಿ, ಸೆರಗನ್ನು ಸರಿಪಡಿಸಿ, "ಈಗ ನಮ್ಮದೂ ಒಂದು ಪಟ ತೆಗೆಸಿ" ಎಂದಳು.

ಆ ಚಿತ್ರದಲ್ಲಿ ಸರೋವರದ ಗಾಳಿಗೆ ಸೆರಗು ಹಾರಿ ನನ್ನ ಅರ್ಧ ಮುಖವನ್ನು ಮುಚ್ಚಿದೆ. ಆದರೂ ಅದು ನಮ್ಮ ನಡುಮನೆಯ ಗೋಡೆಯ ಮೇಲಿದೆ. ಅದರ ಪಕ್ಕದಲ್ಲಿ, ಕಪಾಟಿನಿಂದ ಹೊರಬಂದ ಮೊದಲಿನ ಚಿತ್ರ.