ಮಸೀದಿ ಬೀದಿಯ ಮನೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಶಾಲೆಯ ಹಳೆಯ ನೆನಪುಗಳನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿದ್ದರು. ಹಾಜರಿ ಪುಸ್ತಕ, ಕಟ್ಟಡ ನಿಧಿ, ಇನ್‌ಸ್ಪೆಕ್ಟರರ ಭೇಟಿ ಇವುಗಳನ್ನು ಕುರಿತು ನನಗಿಂತ ಚೆನ್ನಾಗಿ ಬರೆಯಬಲ್ಲವರಿದ್ದಾರೆ. ನಾನು ಕಳೆದ ವರ್ಷ ರಾಮೇಶ್ವರದಲ್ಲಿ ಕಂಡ ಒಂದು ಮನೆಯನ್ನು ಕುರಿತು ಬರೆಯುತ್ತೇನೆ. ಆ ಮನೆಗೂ ನಮ್ಮ ಶಾಲೆಗೂ ಏನು ಸಂಬಂಧವೆಂದು ಕೇಳುವವರು ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ವಿನಂತಿ.

ರಾಮೇಶ್ವರಕ್ಕೆ ಹೋಗಬೇಕೆಂಬುದು ನನ್ನ ಮನೆಯವಳ ಬಹುದಿನದ ಹರಕೆ. ಮಾವನಲ್ಲದಿಂದ ಕಲ್ಹಟ್ಟಿ ಘಾಟಿಯ ಮೂವತ್ತಾರು ತಿರುವುಗಳನ್ನು ಹತ್ತಿ ಉದಕಮಂಡಲ, ಅಲ್ಲಿಂದ ಇಳಿದು ಕೊಯಮತ್ತೂರು, ಮಧುರೆ. ಉದಕಮಂಡಲದ ಇಂಗ್ಲಿಷ್ ಶಾಲೆಯೊಂದರಲ್ಲಿ ಆರನೆಯ ತರಗತಿ ಓದುತ್ತಿರುವ ಮೊಮ್ಮಗನೂ ಜೊತೆಗಿದ್ದ. ಪಾಂಬನ್ನಿನಲ್ಲಿ ಬಸ್ಸು ಸಮುದ್ರದ ಮೇಲೆ ಸಾಗುವಾಗ 1914ರ ಹಳೆಯ ರೈಲು ಸೇತುವೆಯನ್ನೂ, ಪಕ್ಕದಲ್ಲಿ 2025ರ ಏಪ್ರಿಲ್‌ನಲ್ಲಿ ಉದ್ಘಾಟನೆಯಾದ ಹೊಸದನ್ನೂ ಅವನು ಕಿಟಕಿಗೆ ಮುಖವೊತ್ತಿ ನೋಡಿದ. ದೇವಾಲಯದ ಇಪ್ಪತ್ತೆರಡು ತೀರ್ಥಗಳ ಸ್ನಾನ ಮುಗಿಸಿ, ದರ್ಶನ ಮಾಡಿ, ಮಸೀದಿ ಬೀದಿಯತ್ತ ನಡೆದೆವು.

ಮಾಜಿ ರಾಷ್ಟ್ರಪತಿ ದಿವಂಗತ ಡಾ. ಎ. ಪಿ. ಜೆ. ಅಬ್ದುಲ್ ಕಲಾಂ ಅವರು ಬಾಲ್ಯವನ್ನು ಕಳೆದ ಮನೆ ಅಲ್ಲಿದೆ. 1931ರ ಅಕ್ಟೋಬರ್ 15ರಂದು ಜನಿಸಿದ ಅವರು ತಮ್ಮ ಮನೆಯನ್ನು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಸುಣ್ಣಗಲ್ಲು, ಇಟ್ಟಿಗೆಗಳಿಂದ ಕಟ್ಟಿದ ಪಿತ್ರಾರ್ಜಿತ ಮನೆಯೆಂದು ಆತ್ಮಕಥೆಯಲ್ಲಿ ಬಣ್ಣಿಸಿದ್ದಾರೆ. ಈಗ ಅದು ಹಳೆಯ ರೂಪದಲ್ಲಿಲ್ಲ, ಮಹಡಿಗಳು ಎದ್ದಿವೆ. ಮೇಲೆ ಛಾಯಾಚಿತ್ರಗಳು, ಪ್ರಶಸ್ತಿಗಳು ಗಾಜಿನ ಹಿಂದೆ ಕುಳಿತಿವೆ. ಊರಾಚೆ ಪೇಯ್ಕರುಂಬಿನಲ್ಲಿ 2017ರಲ್ಲಿ ತೆರೆದ ಅವರ ಸ್ಮಾರಕವು ಇದಕ್ಕಿಂತ ಬಹಳ ಭವ್ಯವಾದುದು. ಆದರೆ ನನ್ನಂತಹ ಹಳ್ಳಿಯ ಮೇಷ್ಟರಿಗೆ ಈ ಇಕ್ಕಟ್ಟಿನ ಬೀದಿಯೇ ಹೆಚ್ಚು ಹೇಳಿತು.

ಎರಡನೆಯ ಮಹಾಯುದ್ಧ ಆರಂಭವಾದಾಗ ಬಾಲಕನಿಗೆ ಎಂಟು ವರ್ಷ. ಹುಣಸೆ ಬೀಜಕ್ಕೆ ಇದ್ದಕ್ಕಿದ್ದಂತೆ ಗಿರಾಕಿ ಬಂತು. ಆರಿಸಿ ತಂದು ಇದೇ ಬೀದಿಯ ದಿನಸಿ ಅಂಗಡಿಗೆ ಕೊಟ್ಟರೆ ದಿನಕ್ಕೆ ಒಂದಾಣೆ. ಯುದ್ಧದಿಂದಾಗಿ ರಾಮೇಶ್ವರದಲ್ಲಿ ರೈಲು ನಿಲ್ಲುವುದು ರದ್ದಾದಾಗ, ಧನುಷ್ಕೋಟಿಯ ಕಡೆಗೆ ಓಡುವ ಬಂಡಿಯಿಂದ ಪತ್ರಿಕೆಯ ಕಟ್ಟುಗಳನ್ನು ಹೊರಗೆ ಎಸೆಯುತ್ತಿದ್ದರು. ಅವನ್ನು ಹಿಡಿಯಲು ಸಹಾಯಕ ಬೇಕಾಗಿ ಸೋದರ ಸಂಬಂಧಿ ಸಂಸುದ್ದೀನ್ ಇವರನ್ನು ಸೇರಿಸಿಕೊಂಡ. ಅದೇ ಮೊದಲ ಸಂಪಾದನೆ.

ಐದನೆಯ ತರಗತಿಯಲ್ಲಿದ್ದಾಗ ಹೊಸದಾಗಿ ಬಂದ ಉಪಾಧ್ಯಾಯರೊಬ್ಬರು, ಮುಸಲ್ಮಾನ ಹುಡುಗ ಅರ್ಚಕರ ಮಗನ ಪಕ್ಕದಲ್ಲಿ ಕೂರಬಾರದೆಂದು ಕಲಾಂ ಅವರನ್ನು ಹಿಂದಿನ ಬೆಂಚಿಗೆ ಕಳುಹಿಸಿದರು. ಗೆಳೆಯನ ತಂದೆ, ದೇವಾಲಯದ ಪ್ರಧಾನ ಅರ್ಚಕ ಪಕ್ಷಿ ಲಕ್ಷ್ಮಣ ಶಾಸ್ತ್ರಿಗಳು ಆ ಉಪಾಧ್ಯಾಯರನ್ನು ಕರೆಸಿ ತರಾಟೆಗೆ ತೆಗೆದುಕೊಂಡರಂತೆ. ಉಪಾಧ್ಯಾಯ ವೃತ್ತಿಯಲ್ಲಿದ್ದವರು ಈ ಪ್ರಸಂಗವನ್ನು ಹಾರಿಸಿ ಓದಬಾರದು. ಬೆಂಚನ್ನು ಎಲ್ಲಿ ಹಾಕುತ್ತೇವೆಂಬುದೂ ಒಂದು ಪಾಠವೇ.

ಅದೇ ಶಾಲೆಯ ಶಿವಸುಬ್ರಹ್ಮಣ್ಯ ಅಯ್ಯರ್ ಎಂಬ ವಿಜ್ಞಾನದ ಮೇಷ್ಟರು ಒಂದು ದಿನ ಕರಿಹಲಗೆಯ ಮೇಲೆ ಹಕ್ಕಿಯನ್ನು ಬರೆದು, ಅದು ಹೇಗೆ ಹಾರುತ್ತದೆಂದು ವಿವರಿಸಿದರು. ಅರ್ಥವಾಯಿತೇ ಎಂದು ಕೇಳಿದಾಗ ಕಲಾಂ ಇಲ್ಲವೆಂದರು; ಉಳಿದ ಮಕ್ಕಳೂ ಇಲ್ಲವೆಂದರು. ಮೇಷ್ಟರು ಸಿಟ್ಟಾಗಲಿಲ್ಲ. ಸಂಜೆ ಎಲ್ಲರನ್ನೂ ಕಡಲ ತೀರಕ್ಕೆ ಕರೆದೊಯ್ದು, ಹಾರುವ ಹಕ್ಕಿಗಳನ್ನೇ ತೋರಿಸಿ, ರೆಕ್ಕೆ ಬಡಿಯುವ ಬಗೆಯನ್ನೂ ಬಾಲವನ್ನು ತಿರುಗಿಸಿ ದಿಕ್ಕು ಬದಲಿಸುವ ಬಗೆಯನ್ನೂ ಹೇಳಿಕೊಟ್ಟರು. ತಮ್ಮ ಬಾಳಿನ ಗುರಿ ಅಂದು ಗೊತ್ತಾಯಿತೆಂದು ರಾಷ್ಟ್ರಪತಿಗಳಾದ ಮೇಲೂ ಅವರು ಹೋದಹೋದಲ್ಲಿ ಮಕ್ಕಳಿಗೆ ಹೇಳುತ್ತಿದ್ದರು.

ಇದನ್ನು ನಾನು ಹೇಳುತ್ತಿದ್ದಾಗ ಮೊಮ್ಮಗ ಕೇಳಿದ, "ತಾತ, ಇವರು ಓದಿದ್ದು ಯಾವ ಮೀಡಿಯಂ?"

"ಇಲ್ಲಿ ಓದಿದ್ದು ತಮಿಳಿನಲ್ಲಿ ಕಣಪ್ಪಾ."

"ಮತ್ತೆ ಸೈಂಟಿಸ್ಟ್ ಹೇಗಾದರು?"

"ಹಕ್ಕಿ ಹಾರೋದು ಮೊದಲು ಅರ್ಥ ಆಯ್ತು. ಇಂಗ್ಲಿಷ್ ಆಮೇಲೆ ಬಂತು."

"ಹಾಗಾದ್ರೆ ಅಪ್ಪ ನನ್ನನ್ನು ನಿಮ್ಮ ಶಾಲೆಗೆ ಯಾಕೆ ಸೇರಿಸಲಿಲ್ಲ?"

ಇದಕ್ಕೆ ಏನು ಹೇಳಲಿ? ಅವನ ಅಪ್ಪನೂ ನಮ್ಮ ಶಾಲೆಯ ವಿದ್ಯಾರ್ಥಿಯೇ. ಗಡಿನಾಡಿನಲ್ಲಿ ಮಕ್ಕಳನ್ನು ಬೆಳೆಸುವವರ ಲೆಕ್ಕಾಚಾರವನ್ನು ನಾನು ಹಳಿಯಲಾರೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತಮಿಳು, ನೌಕರಿಗೆ ಇಂಗ್ಲಿಷ್. 2006ರ ತಮಿಳು ಕಲಿಕಾ ಕಾಯಿದೆಯಿಂದ ತಮಿಳು ಹಂತಹಂತವಾಗಿ ಕಡ್ಡಾಯವೂ ಆಯಿತು. ತಮಿಳು ಕಲಿತರೆ ನಷ್ಟವಿಲ್ಲ. ನಾನು ದಿನವೂ ತಮಿಳು ಪತ್ರಿಕೆ ಓದುತ್ತೇನೆ. ಆದರೆ ನಮ್ಮ ಒಂದನೆಯ ತರಗತಿಯ ಬೆಂಚುಗಳು ಮೊದಲಿನಂತೆ ತುಂಬುತ್ತಿಲ್ಲ. ಸುವರ್ಣ ಮಹೋತ್ಸವದ ಚಪ್ಪರದಡಿ ಹಳೆಯ ವಿದ್ಯಾರ್ಥಿಗಳನ್ನು ಎಣಿಸಿ ಸಂತೋಷಪಡುವಾಗ ಅವರ ಮಕ್ಕಳು ಎಲ್ಲಿ ಓದುತ್ತಿದ್ದಾರೆಂಬುದನ್ನೂ ಎಣಿಸಬೇಕಾಗುತ್ತದೆ.

ಸಂಜೆ ಮೂವರೂ ಕಡಲ ತೀರದಲ್ಲಿ ಕುಳಿತೆವು. ಹಕ್ಕಿಗಳಿದ್ದವು. ಹುಡುಗನಿಗೆ 'ಲಿಫ್ಟ್' ಎಂಬ ಪದವೂ ಅದರ ವ್ಯಾಖ್ಯೆಯೂ ಬಾಯಿಪಾಠವಾಗಿತ್ತು; ಹಕ್ಕಿ ತಿರುಗುವಾಗ ಬಾಲವನ್ನು ಏನು ಮಾಡುತ್ತದೆಂಬುದನ್ನು ಅವನು ನೋಡಿರಲಿಲ್ಲ. ಬಹಳ ಹೊತ್ತು ಕಣ್ಣು ಕೀಲಿಸಿ ನೋಡಿದ. ಆಮೇಲೆ, "ನೀವೂ ಮಕ್ಕಳನ್ನು ಹೀಗೆ ಕರ್ಕೊಂಡು ಹೋಗ್ತಿದ್ರಾ?" ಎಂದ.

ನಮ್ಮಲ್ಲಿ ಕಡಲಿಲ್ಲ, ಮೋಯಾರ್ ಕಣಿವೆಯಿದೆ, ಅದರ ಮೇಲೆ ರೆಕ್ಕೆ ಬಡಿಯದೆ ತೇಲುವ ರಣಹದ್ದುಗಳಿವೆ ಎಂದೆ. ಎಷ್ಟೋ ಶನಿವಾರಗಳ ಬೆಳಗಿನ ತರಗತಿಯನ್ನು ನಾವು ಅಲ್ಲಿಯೇ ನಡೆಸಿದ್ದುಂಟು. ಊರಿಗೆ ಮರಳಿದ ಮೇಲೆ ತೋರಿಸಬೇಕೆಂದು ಅವನು ನನ್ನಿಂದ ಮಾತು ತೆಗೆದುಕೊಂಡ.