ಕೊಂಡಿ ಕಳಚಿದ್ದು ಎಲ್ಲಿ?

ಮಕ್ಕಳೇ, ಮಲೆನಾಡಿನ ಎಷ್ಟೋ ಮನೆಗಳಿಗೆ ಗುಡ್ಡದ ಮೇಲಿನ ಒರತೆಯಿಂದ ನೀರು ಬರುತ್ತದೆ. ಹಿಂದೆ ಅಡಿಕೆ ದಬ್ಬೆಯಲ್ಲಿ ಹರಿಯುತ್ತಿದ್ದ ನೀರು ಈಗ ಕಪ್ಪು ಪೈಪಿನಲ್ಲಿ ಹರಿಯುತ್ತದೆ. ಒಂದು ಬೆಳಿಗ್ಗೆ ಹಂಡೆಗೆ ನೀರು ಬೀಳಲಿಲ್ಲ ಎನ್ನಿ. ಆಗ ಹಂಡೆಯನ್ನು ಬದಲಾಯಿಸುವಿರಾ? ಇಲ್ಲ. ಪೈಪಿನ ಜಾಡು ಹಿಡಿದು ಹೊರಡುವಿರಿ. ಅರ್ಧ ದಾರಿಯಲ್ಲಿ ಒಂದು ಜೋಡಣೆ ಬಿಚ್ಚಿ ನೋಡುವಿರಿ. ಅಲ್ಲಿ ನೀರು ಬರುತ್ತಿದ್ದರೆ ಮೇಲಿನ ಅರ್ಧ ಸರಿಯಿದೆ. ತೊಂದರೆ ಕೆಳಗಿನ ಅರ್ಧದಲ್ಲಿದೆ. ಒಂದೇ ಪರೀಕ್ಷೆಯಿಂದ ಅರ್ಧ ಕೆಲಸ ಮುಗಿಯಿತು, ಅಲ್ಲವೇ?

ತಂತಿಯ ಮೂಲಕ ಕಂಪ್ಯೂಟರಿಗೆ ಬರುವ ಇಂಟರ್‌ನೆಟ್ಟಿಗೂ ಇದೇ ಉಪಾಯ ಸಾಕು. ಬಾಳೆಹೊನ್ನೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ನಡೆದ ಸಂಗತಿ ಕೇಳಿ.

ಆ ಮನೆಯವರು ಕಾಫಿ ಮಾರಿದ ಹಣದಲ್ಲಿ ಹೊಸ ಕಂಪ್ಯೂಟರ್ ತಂದರು. ಮನೆಯ ಗೋಡೆಗಳು ಬಹಳ ದಪ್ಪ. ಜಗಲಿಯಲ್ಲಿರುವ ಇಂಟರ್‌ನೆಟ್ ಪೆಟ್ಟಿಗೆಯ ವೈ-ಫೈ ಒಳಕೋಣೆಗೆ ತಲುಪುವುದಿಲ್ಲ. ಆದ್ದರಿಂದ ಒಂದು ವರ್ಷದ ಹಿಂದೆಯೇ ಅಟ್ಟದ ಮೇಲಿಂದ ಉದ್ದನೆಯ ತಂತಿ ಎಳೆಸಿಟ್ಟಿದ್ದರು. ಈಗ ಅದನ್ನು ಹೊಸ ಕಂಪ್ಯೂಟರಿಗೆ ಸಿಕ್ಕಿಸಿದರೆ ಒಂದು ಪುಟವೂ ತೆರೆದುಕೊಳ್ಳಲಿಲ್ಲ! ಏಳನೇ ತರಗತಿಯ ಮಗಳು ಮೂಲೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

"ನೋಡಿ ಮೇಷ್ಟ್ರೇ, ಇವಳೇ ಏನೋ ಒತ್ತಿ ಕೆಡಿಸಿದ್ದಾಳೆ. ನಾಳೆ ಅಂಗಡಿಗೆ ವಾಪಸ್ ಕೊಟ್ಟುಬಿಡ್ತೀನಿ. ಇವಳಿಗೆ ಕಂಪ್ಯೂಟರೂ ಬೇಡ, ಏನೂ ಬೇಡ" ಎಂದರು ಅಪ್ಪ.

"ನಾನು ಏನೂ ಮಾಡಿಲ್ಲ ಮೇಷ್ಟ್ರೇ" ಎಂದಳು ಹುಡುಗಿ.

ಯಾರ ಮಾತನ್ನು ನಂಬುವುದು? ವಿಜ್ಞಾನದಲ್ಲಿ ಇದಕ್ಕೆ ಸುಲಭ ದಾರಿಯಿದೆ. ಯಾರನ್ನೂ ದೂರುವ ಮೊದಲು ವಸ್ತುಗಳನ್ನೇ ಕೇಳಿ ನೋಡಬೇಕು. ನಾವಿಬ್ಬರೂ ಒಂದು ಹಾಳೆಯಲ್ಲಿ ಇಂಟರ್‌ನೆಟ್ ಬರುವ ದಾರಿಯನ್ನು ಬರೆದೆವು. ಊರಿನ ಕೇಂದ್ರದಿಂದ ಹೊರಟ ಗಾಜಿನ ಎಳೆ ಕಂಬಗಳ ಮೇಲೆ ಸಾಗಿ ಜಗಲಿಯ ಪೆಟ್ಟಿಗೆಗೆ ಬರುತ್ತದೆ. ಕೂದಲಿನಷ್ಟು ತೆಳುವಾದ ಈ ಎಳೆಯೊಳಗೆ ಸುದ್ದಿಯು ಬೆಳಕಾಗಿ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಪೆಟ್ಟಿಗೆಯು ಬೆಳಕನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುತ್ತದೆ. ಅಲ್ಲಿಂದ ಮುಂದೆ ತಾಮ್ರದ ತಂತಿ, ಕೊನೆಯಲ್ಲಿ ಕಂಪ್ಯೂಟರ್.

ಈ ದಾರಿಯ ನಡುವೆ ಇರುವುದು ಪೆಟ್ಟಿಗೆ. ನೀರಿನ ಪೈಪಿನ ನಡುವಿನ ಜೋಡಣೆ ಇದ್ದಂತೆ! ಅಪ್ಪನ ಮೊಬೈಲಿನಲ್ಲಿ ಅದರ ಸ್ವಂತ ಡೇಟಾ ನಿಲ್ಲಿಸಿ, ವೈ-ಫೈ ಮಾತ್ರ ಇಟ್ಟುಕೊಂಡು ಪೆಟ್ಟಿಗೆಯ ಪಕ್ಕ ನಿಂತೆವು. ಪುಟ ತಟ್ಟನೆ ತೆರೆಯಿತು. ಹಾಗಾದರೆ ಊರಿನ ಕೇಂದ್ರದಿಂದ ಜಗಲಿಯವರೆಗೆ ಎಲ್ಲವೂ ಸರಿ. ಉಳಿದದ್ದು ಮೂರೇ: ಪೆಟ್ಟಿಗೆಯಲ್ಲಿ ತಂತಿ ಸಿಕ್ಕಿಸುವ ಕಿಂಡಿ, ತಂತಿ ಮತ್ತು ಕಂಪ್ಯೂಟರ್.

ಕಂಪ್ಯೂಟರಿನ ಹಿಂದೆ ತಂತಿ ಸಿಕ್ಕಿಸುವಲ್ಲಿ ಒಂದು ಪುಟಾಣಿ ದೀಪವಿದೆ. ಎರಡೂ ತುದಿಯ ಯಂತ್ರಗಳು ಪರಸ್ಪರ ಗುರುತಿಸಿದರೆ ಅದು ಹೊತ್ತಿಕೊಳ್ಳುತ್ತದೆ. ಇಲ್ಲಿ ದೀಪ ಹೊತ್ತಿರಲಿಲ್ಲ.

ಈಗ ಏನು ಮಾಡಬೇಕು? ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ತಪ್ಪು ಯಾವುದರದೆಂದು ತಿಳಿಯುವುದಿಲ್ಲ. ಬಾಳೆಹೊನ್ನೂರಿನ ಬಳಿ 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರವಿದೆ. ಗೊಬ್ಬರದ ಗುಣ ತಿಳಿಯಬೇಕಾದರೆ ಗಿಡ, ಮಣ್ಣು, ನೆರಳು ಎಲ್ಲವನ್ನೂ ಒಂದೇ ರೀತಿ ಇಟ್ಟು ಗೊಬ್ಬರವನ್ನು ಮಾತ್ರ ಬದಲಿಸಬೇಕು. ನಾವೂ ಹಾಗೆಯೇ ಒಂದನ್ನು ಮಾತ್ರ ಬದಲಿಸಿದೆವು. ಕಂಪ್ಯೂಟರನ್ನು ಜಗಲಿಗೆ ಹೊತ್ತು ತಂದು, ಪೆಟ್ಟಿಗೆಯ ಅದೇ ಕಿಂಡಿಗೆ ಒಂದು ಗಿಡ್ಡ ತಂತಿಯಿಂದ ಜೋಡಿಸಿದೆವು. ದೀಪ ಹೊತ್ತಿತು! ಪುಟವೂ ತೆರೆಯಿತು!

ಮತ್ತೆ ಒಳಕೋಣೆಗೆ ಒಯ್ದು ಉದ್ದ ತಂತಿಗೆ ಜೋಡಿಸಿದರೆ ದೀಪವಿಲ್ಲ. ಎರಡನೆಯ ಸಲವೂ ಅದೇ ಉತ್ತರ ಬಂದಿತು. ಕಂಪ್ಯೂಟರೂ ನಿರ್ದೋಷಿ, ಹುಡುಗಿಯೂ ನಿರ್ದೋಷಿ. ಒಂದು ವರ್ಷದಿಂದ ಅಟ್ಟದಲ್ಲಿ ಬಿದ್ದಿದ್ದ ತಂತಿಯನ್ನು ಯಾರೂ ಒಮ್ಮೆಯೂ ಪರೀಕ್ಷಿಸಿರಲಿಲ್ಲ. ಏಣಿ ಹತ್ತಿ ನೋಡಿದರೆ, ಅಡಿಕೆ ಚೀಲಗಳ ಹಿಂದೆ ಇಲಿ ಅದನ್ನು ಕಡಿದು ಹಾಕಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವ ಗಾದೆ ನಿಜವಾಗುವುದರಲ್ಲಿತ್ತು!

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾಳೆ ಪೇಟೆಯಿಂದ ಹೊಸ ತಂತಿ ತರೋಣ ಮಗಳೇ. ನೀನೇ ಸಿಕ್ಕಿಸು" ಎಂದರು. ಹೊಸ ತಂತಿಯನ್ನು ಇಲಿಯ ಹಲ್ಲಿಗೆ ಸಿಗದಂತೆ ಪಿವಿಸಿ ಪೈಪಿನೊಳಗೆ ತೂರಿಸಿದೆವು.

ಹಾಳಾದ ತಂತಿಯ ಒಂದು ತುಂಡನ್ನು ಹುಡುಗಿ ಬಿಚ್ಚಿ ನೋಡಿದಳು. ಒಳಗೆ ಎಂಟು ತಂತಿಗಳು, ನಾಲ್ಕು ಜೋಡಿ! ಕಿತ್ತಳೆ, ಹಸಿರು, ನೀಲಿ, ಕಂದು. ಪ್ರತಿಯೊಂದಕ್ಕೂ ಬಿಳಿ ಬೆರೆತ ಒಬ್ಬ ಜೊತೆಗಾರ. ಜೋಡಿಗಳನ್ನು ಜಡೆಯಂತೆ ಹೆಣೆದಿರುವುದೇಕೆ? ಹತ್ತಿರದ ವಿದ್ಯುತ್ ತಂತಿಗಳಿಂದ ಬರುವ ಗದ್ದಲ ಹೆಣೆದ ಎರಡೂ ತಂತಿಗಳ ಮೇಲೆ ಹೆಚ್ಚುಕಡಿಮೆ ಒಂದೇ ಸಮನಾಗಿ ಬೀಳುತ್ತದೆ. ಯಂತ್ರವು ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ ಓದುವುದರಿಂದ ಗದ್ದಲ ಕಳೆದುಹೋಗುತ್ತದೆ. ಇಂಥ ತಂತಿಯನ್ನು ಸಾಮಾನ್ಯವಾಗಿ 100 ಮೀಟರಿಗಿಂತ ಉದ್ದ ಎಳೆಯಬಾರದು. ಹೀಗೆ ತಂತಿಯಿಂದ ಕಂಪ್ಯೂಟರುಗಳನ್ನು ಬೆಸೆಯುವ ಈಥರ್‌ನೆಟ್ ಎಂಬ ವಿಧಾನ ಅಮೆರಿಕದಲ್ಲಿ 1973ರಲ್ಲಿ ಹುಟ್ಟಿತು.

ದೀಪ ಹೊತ್ತಿದರೂ ಪುಟ ತೆರೆಯದಿದ್ದರೆ? ಆಗ ಕಂಪ್ಯೂಟರಿನ ವಿಳಾಸ ನೋಡಬೇಕು. ಸಾಮಾನ್ಯವಾಗಿ ಪೆಟ್ಟಿಗೆಯೇ ಅದಕ್ಕೊಂದು ವಿಳಾಸ ಕೊಡುತ್ತದೆ. ವಿಳಾಸ 169.254 ಎಂದು ಆರಂಭವಾಗಿದ್ದರೆ, ಪೆಟ್ಟಿಗೆಯಿಂದ ವಿಳಾಸ ಸಿಗದೆ ಕಂಪ್ಯೂಟರ್ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ಇನ್ನೊಂದು ಉಪಾಯ 'ಪಿಂಗ್'. 1983ರಲ್ಲಿ ಮೈಕ್ ಮೂಸ್ ಎಂಬುವರು ಬರೆದ ಪುಟ್ಟ ಪ್ರೋಗ್ರಾಂ ಇದು. ತೋಟದಾಚೆ ಇರುವವರನ್ನು ನಾವು ಕೂಗಿ ಕರೆದರೆ ಅವರು 'ಓ' ಎನ್ನುವುದಿಲ್ಲವೇ? ಹಾಗೆಯೇ ಪಿಂಗ್ ಮೊದಲು ಪೆಟ್ಟಿಗೆಯನ್ನು, ಆಮೇಲೆ ದೂರದ ಯಂತ್ರವನ್ನು ಕೂಗಿ ನೋಡಲು ನೆರವಾಗುತ್ತದೆ. ಓಗೊಡುವುದು ಎಲ್ಲಿ ನಿಂತಿತೋ ಅಲ್ಲಿಂದ ಹುಡುಕಬೇಕು.

ಎರಡು ಎಚ್ಚರಿಕೆಗಳಿವೆ. ಗುಡುಗು-ಮಿಂಚು ಇರುವಾಗ ತಂತಿಗಳನ್ನು ಮುಟ್ಟಬೇಡಿ. ತುಂಡಾದ ಗಾಜಿನ ಎಳೆಯ ತುದಿಗೆ ಕಣ್ಣಿಟ್ಟು ನೋಡಬೇಡಿ. ಅದರಲ್ಲಿ ಹರಿಯುವ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಹಾನಿ ಮಾಡಬಲ್ಲದು.

ಮಾಡಿ ನೋಡಿ: ಒಂದು ಟಾರ್ಚು, ಒಳ್ಳೆಯ ಸೆಲ್ಲುಗಳು ಮತ್ತು ಮುಗಿದ ಸೆಲ್ಲುಗಳನ್ನು ತೆಗೆದುಕೊಳ್ಳಿ. ಒಳ್ಳೆಯ ಸೆಲ್ಲುಗಳ ಜೊತೆ ಒಂದು ಮುಗಿದ ಸೆಲ್ಲನ್ನು ಸೇರಿಸಿ, ಅಥವಾ ಒಂದು ಸೆಲ್ಲನ್ನು ತಿರುವುಮುರುವಾಗಿ ಹಾಕಿ ಗೆಳೆಯರಿಗೆ ಕೊಡಿ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ತಪ್ಪನ್ನು ಹುಡುಕಲು ಹೇಳಿ. ಎಷ್ಟು ಹೆಜ್ಜೆಗಳಲ್ಲಿ ಸಿಕ್ಕಿತೆಂದು ನೋಟ್ ಪುಸ್ತಕದಲ್ಲಿ ಬರೆಯಿರಿ.