ಉಬ್ಬುಗಾಜಿನ ಆಟ

ಹಳೆಯ ವಸ್ತುಗಳಲ್ಲಿ ಎರಡು ಜಾತಿ. ಮನೆಮಂದಿಯೆಲ್ಲ ಮುದ್ದಿನಿಂದ ಕಾಪಾಡುವಂಥವು ಕೆಲವು. ಗುಜರಿಯವನ ಕೂಗು ಕೇಳಿದೊಡನೆ ಮನೆಯಾಕೆಯ ಕಣ್ಣು ನೇರವಾಗಿ ಹೋಗಿ ನಿಲ್ಲುವಂಥವು ಕೆಲವು. ಕೆಂಗಲ್ಲಿನ ನಮ್ಮ ಮನೆಯ ಡಬ್ಬಾ ಟಿ.ವಿ. ಎರಡನೆಯ ಜಾತಿಯದು. 21 ಅಂಗುಲದ ಮುಖ, ಅದಕ್ಕೆ ತಕ್ಕ ಬೆನ್ನು. ಎತ್ತಲು ಇಬ್ಬರು ಬೇಕು. ಅದು ಇನ್ನೂ ಮೂಲೆಯಲ್ಲಿ ಕುಳಿತಿದ್ದರೆ ಅದಕ್ಕೆ ಕಾರಣ ನನ್ನ ಮೊಮ್ಮಗ.

ಅವನು ಬೆಂಗಳೂರಿನಿಂದ ಬರುವಾಗ ಅಂಗೈಯಗಲದ ಕಂಪ್ಯೂಟರೊಂದನ್ನು ತಂದ. 1980ರಲ್ಲಿ ಜಪಾನಿನ ನಾಮ್ಕೊ ಕಂಪನಿಯವರು ಹೊರತಂದ ಪ್ಯಾಕ್‌ಮನ್ ಆಟದ ಯಂತ್ರವೆಂದರೆ ಆಳೆತ್ತರದ ಪೆಟ್ಟಿಗೆ. ಹಗಲುವೇಷದವನು ಗಳಿಗೆಗೊಂದು ಪಾತ್ರವಾಗುವಂತೆ, ಈ ಪುಟ್ಟ ಕಂಪ್ಯೂಟರು ಆ ಪೆಟ್ಟಿಗೆಯ ವೇಷ ಹಾಕುತ್ತದೆ. ಇದಕ್ಕೆ ಎಮ್ಯುಲೇಟರ್ ಎಂದು ಹೆಸರು. 1997ರಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ ಆರಂಭಿಸಿದ ‘ಮೇಮ್’ ಇಂಥವುಗಳಲ್ಲಿ ಪ್ರಸಿದ್ಧವಾದುದು.

ಚಪ್ಪಟೆ ಟಿ.ವಿ.ಯಲ್ಲಿ ಆ ಆಟ ಇಟ್ಟಿಗೆ ಜೋಡಿಸಿಟ್ಟಂತೆ ಕಾಣುತ್ತದೆ. ಉಬ್ಬುಗಾಜಿನಲ್ಲಾದರೋ ಅದೇ ಚಿತ್ರ ದುಂಡಗೆ, ಮೃದುವಾಗಿ ಹೊಳೆಯುತ್ತದೆ. ಗಾಜಿನ ಹಿಂದೆ ಎಲೆಕ್ಟ್ರಾನುಗಳ ಕಿರಣ ಒಂದೊಂದೇ ಗೆರೆಯನ್ನು ಎಳೆಯುತ್ತ ಹೋಗುತ್ತದೆ. ನಮ್ಮ ದೇಶದ ಪದ್ಧತಿಯಲ್ಲಿ ಒಟ್ಟು 625 ಗೆರೆ. ಒಂದು ಬಾರಿ ಬೆಸ, ಮರುಬಾರಿ ಸಮ. ಆಟದ ಚಿತ್ರವೋ ಪ್ರತಿ ಬಾರಿಯೂ ಅದೇ ಗೆರೆಗಳ ಮೇಲೆ ಬೀಳುತ್ತದೆ. ನಡುವಿನವು ಕತ್ತಲಾಗಿ ಉಳಿಯುತ್ತವೆ. ಆಟ ರಚಿಸಿದವರು ಇಂಥ ಗಾಜನ್ನೇ ಎದುರಿಗಿಟ್ಟುಕೊಂಡು ಬಣ್ಣ ಹಾಕಿದವರು. ಪಕ್ಕದ ಚನ್ನಪಟ್ಟಣದಲ್ಲಿ ಬೊಂಬೆಗೆ ಅರಗಿನ ಬಣ್ಣ ಹತ್ತಿಸಿದ ಮೇಲೆ ತಾಳೆಗರಿ ಒತ್ತಿ ಹಿಡಿದಾಗಲೇ ಅಲ್ಲವೆ, ಹೊಳಪು ಬರುವುದು? ಈ ಆಟಗಳಿಗೆ ತಾಳೆಗರಿ ಈ ಗಾಜು.

ಒಂದು ತೊಡಕಿತ್ತು. ನಮ್ಮ ಟಿ.ವಿ. ಸೆಕೆಂಡಿಗೆ 50 ಬಾರಿ ಚಿತ್ರ ಬರೆಯುತ್ತದೆ. ಆಟ ಸುಮಾರು 60 ಚಿತ್ರ ಕಳಿಸುತ್ತದೆ. ಆರರಲ್ಲೊಂದು ಚಿತ್ರವನ್ನು ಬಿಡಬೇಕು, ಇಲ್ಲವೆ ಆಟವನ್ನೇ ಅಷ್ಟು ನಿಧಾನ ಮಾಡಬೇಕು. ನಾನು ನಿಧಾನದ ಪಕ್ಷ ಹಿಡಿದೆ. ನನ್ನ ವಯಸ್ಸಿನವರನ್ನು ಅಟ್ಟಿಸಿಕೊಂಡು ಬರುವ ಭೂತಗಳಿಗೆ ಅಷ್ಟಾದರೂ ದಾಕ್ಷಿಣ್ಯ ಬೇಡವೆ? “ಇದು ಮೋಸ ತಾತ” ಎಂದ ಹುಡುಗ.

ಈಚೆಗೆ ಚಿತ್ರ ಮಂಕಾಯಿತು. ಹಿಂದೆ ಟಿ.ವಿ. ರಿಪೇರಿಯ ಅಂಗಡಿ ಇಟ್ಟು, ಈಗ ಮೊಬೈಲ್ ಕವರು ಮಾರುವ ಪರಿಚಯದವರೊಬ್ಬರನ್ನು ಕರೆಸಿದೆ. ಹಿಂಬದಿಯನ್ನು ಬಿಚ್ಚಿ, ಧೂಳು ಊದಿ, ಏನೋ ತಿರುಗಿಸಿದರು. ಕೊಂಚ ಬೆಳಕು ಬಂತು.

“ಟ್ಯೂಬು ಸೋತಿದೆ ಮೇಷ್ಟ್ರೆ. ಉರಿದಷ್ಟೂ ಸವೆಯುತ್ತೆ. ಹೊಸದು ಹಾಕಿ ಅಂದ್ರೆ ಎಲ್ಲಿಂದ ತರಲಿ?”

ದುಡ್ಡು ಕೊಟ್ಟರೆ ಮುಟ್ಟಲಿಲ್ಲ. ಹೋಗುವ ಮುನ್ನ ಒಂದಾಟ ಆಡಿದರು. ನನಗಿಂತ ಚೆನ್ನಾಗಿಯೇ ಆಡಿದರು.

ಆಟದ ಲೆಕ್ಕಾಚಾರಕ್ಕೆ ಸಾವಿರ ಪ್ರತಿ ತೆಗೆಯಬಹುದು. ಚಪ್ಪಟೆ ಪರದೆಯ ಮೇಲೆ ಈ ಕಪ್ಪು ಗೆರೆಗಳನ್ನು ನಟಿಸಿ ತೋರಿಸುವ ಉಪಾಯಗಳೂ ಉಂಟು. ಆದರೆ ಈ ಬೆಳಕು ಇಂಥ ಗಾಜು ಇರುವವರೆಗೆ ಮಾತ್ರ. ನೋಡಿದರೆ ಸವೆಯುತ್ತದೆ, ನೋಡದೆ ಉಳಿಸಿ ಫಲವೇನು? ಅದಕ್ಕೆ ನಾವಿಬ್ಬರೂ ಒಂದು ಒಪ್ಪಂದಕ್ಕೆ ಬಂದಿದ್ದೇವೆ. ಅವನು ಬಂದ ದಿನಗಳಲ್ಲಿ ಮಾತ್ರ, ಸಂಜೆ ಒಂದು ಗಂಟೆ. ಬೇಸಗೆ ರಜೆಯವರೆಗೆ ಧೂಳು ಒರೆಸಿ ಇಡುವುದು ನನ್ನ ಪಾಲಿನ ಕೆಲಸ.